ಕಾಮಾ ಎಲ್ಲಿ, ಚುಕ್ಕಿ ಎಲ್ಲಿ: ಎಕ್ಸೆಲ್ ಅಂಕಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಲೆಕ್ಕದ ಶೀಟುಗಳಿಗೆ ಸಂಬಂಧಿಸಿದ್ದವು. ಆದ್ದರಿಂದ ಅವನ್ನೇ ಒಟ್ಟುಮಾಡಿ ಉತ್ತರಿಸಿದ್ದೇವೆ. ಮೆನು ಮತ್ತು ಸೂತ್ರಗಳ ಹೆಸರು ಇಲ್ಲಿ ಕನ್ನಡ ಲಿಪಿಯಲ್ಲಿವೆ. ನಿಮ್ಮ ಶೀಟಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ನಮ್ಮದು ರೈಸ್ ಮಿಲ್. ಭತ್ತದ ಪಾವತಿ ಲೆಕ್ಕ ಹಳೆಯ ಕಂಪ್ಯೂಟರಿನಲ್ಲಿ 12,34,567 ಎಂದು ಕಾಣುತ್ತಿತ್ತು. ಹೊಸ ಕಂಪ್ಯೂಟರ್ ತಂದ ಮೇಲೆ ಅದೇ ಫೈಲು 1,234,567 ಎಂದು ತೋರಿಸುತ್ತಿದೆ. ಲಕ್ಷ ಎಲ್ಲಿ ಮುಗಿಯಿತು, ಸಾವಿರ ಎಲ್ಲಿ ಶುರುವಾಯಿತು ಎಂದು ಮಾಲೀಕರಿಗೆ ಗೊತ್ತಾಗುತ್ತಿಲ್ಲ. ಫೈಲು ಕೆಟ್ಟಿದೆಯೇ?
— ಲೆಕ್ಕಿಗರು, ಸಿಂಧನೂರು

ಉತ್ತರ: ಫೈಲಿಗೆ ಏನೂ ಆಗಿಲ್ಲ. ಸೆಲ್ಲಿನೊಳಗೆ ಇರುವುದು ಕಾಮಾ ಇಲ್ಲದ 1234567 ಮಾತ್ರ. ಫೈಲಿನಲ್ಲಿ ಅದರ ಜೊತೆಗೆ #,##0 ಎಂಬ ಒಂದು ಸೂಚನೆ ಇರುತ್ತದೆ. ‘ಅಂಕಿಗಳನ್ನು ಗುಂಪು ಮಾಡಿ ತೋರಿಸು’ ಎಂದಷ್ಟೇ ಅದರ ಅರ್ಥ. ಗುಂಪಿಗೆ ಎಷ್ಟು ಅಂಕಿ, ನಡುವೆ ಯಾವ ಚಿಹ್ನೆ ಎಂಬುದನ್ನು ಎಕ್ಸೆಲ್ ತಾನಾಗಿ ನಿರ್ಧರಿಸುವುದಿಲ್ಲ, ವಿಂಡೋಸ್‌ನ ರೀಜನ್ ಸೆಟ್ಟಿಂಗಿನಿಂದ ತೆಗೆದುಕೊಳ್ಳುತ್ತದೆ. ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕಿದವರು ಅಲ್ಲಿ ಅಮೆರಿಕದ ಇಂಗ್ಲಿಷ್ ಬಿಟ್ಟಿರುತ್ತಾರೆ. ಹಾಗಾಗಿ ಮೂರು ಮೂರು ಅಂಕಿಗೆ ಕಾಮಾ ಬೀಳುತ್ತಿದೆ.

ಸರಿಪಡಿಸುವುದು ಹೀಗೆ. ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಐ ಎನ್ ಟಿ ಎಲ್, ಒಂದು ಚುಕ್ಕಿ, ಸಿ ಪಿ ಎಲ್ ಎಂದು ಬಿಡುವಿಲ್ಲದೆ ಬರೆದು ಎಂಟರ್ ಒತ್ತಿ. ರೀಜನ್ ಕಿಟಕಿ ತೆರೆಯುತ್ತದೆ. ಮೇಲಿನ ಪಟ್ಟಿಯಲ್ಲಿ ‘ಇಂಗ್ಲಿಷ್, ಇಂಡಿಯಾ’ ಅಥವಾ ‘ಕನ್ನಡ, ಇಂಡಿಯಾ’ ಆರಿಸಿ. ಆಮೇಲೆ ಕೆಳಗಿನ ‘ಅಡಿಷನಲ್ ಸೆಟ್ಟಿಂಗ್ಸ್’ ಒತ್ತಿ ‘ನಂಬರ್ಸ್’ ಪುಟ ನೋಡಿ. ‘ಡೆಸಿಮಲ್ ಸಿಂಬಲ್’ ಚುಕ್ಕಿ ಇರಬೇಕು, ‘ಡಿಜಿಟ್ ಗ್ರೂಪಿಂಗ್ ಸಿಂಬಲ್’ ಕಾಮಾ ಇರಬೇಕು, ‘ಡಿಜಿಟ್ ಗ್ರೂಪಿಂಗ್’ ಎದುರು 12,34,56,789 ಇರಬೇಕು, ‘ಲಿಸ್ಟ್ ಸೆಪರೇಟರ್’ ಕಾಮಾ ಇರಬೇಕು. ಪಕ್ಕದ ‘ಕರೆನ್ಸಿ’ ಪುಟದಲ್ಲೂ ಇದೇ ಗುಂಪು ಇದೆಯೇ ನೋಡಿಕೊಳ್ಳಿ. ಅದನ್ನು ಮರೆತರೆ ಬರೀ ಸಂಖ್ಯೆ ಸರಿಯಾಗಿ, ₹ ಹಾಕಿದ ಸೆಲ್ಲುಗಳು ಮಾತ್ರ ಹಳೆಯ ರೀತಿಯಲ್ಲೇ ಉಳಿಯಬಹುದು. ಓಕೆ ಕೊಟ್ಟು ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ.

ಇಷ್ಟು ಮಾಡಿಯೂ ಬದಲಾಗದಿದ್ದರೆ ಎಕ್ಸೆಲ್ಲಿನ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಅಲ್ಲಿ ‘ಯೂಸ್ ಸಿಸ್ಟಮ್ ಸೆಪರೇಟರ್ಸ್’ ಎದುರು ಟಿಕ್ ಇರಲೇಬೇಕು. ಯಾರೋ ಅದನ್ನು ತೆಗೆದಿದ್ದರೆ ಎಕ್ಸೆಲ್ ವಿಂಡೋಸ್‌ನ ಚಿಹ್ನೆಗಳನ್ನು ಬಿಟ್ಟು ಅಲ್ಲಿ ಬರೆದದ್ದನ್ನೇ ಬಳಸುತ್ತದೆ.

ಅನೇಕರು ಕಸ್ಟಮ್ ಫಾರ್ಮ್ಯಾಟಿನಲ್ಲಿ #,##,##0 ಎಂದು ಬರೆದು ನೋಡುತ್ತಾರೆ. ಎಕ್ಸೆಲ್ಲಿನಲ್ಲಿ ಇದು ನಡೆಯುವುದಿಲ್ಲ, ಅದು ಇದನ್ನೂ #,##0 ಎಂದೇ ಓದುತ್ತದೆ. ಎಕ್ಸೆಲ್ಲಿನಂಥದೇ ಇನ್ನೊಂದು ಪ್ರೋಗ್ರಾಂ ಆದ ಲಿಬ್ರೆ ಆಫೀಸ್ ಕ್ಯಾಲ್ಕಿನಲ್ಲಿ ಮಾತ್ರ ಇದೇ ಕೋಡು ಲಕ್ಷ, ಕೋಟಿಯ ಗುಂಪನ್ನು ನೇರವಾಗಿ ಕೊಡುತ್ತದೆ. ರೀಜನ್ ಮುಟ್ಟಲು ನಿಮಗೆ ಅನುಮತಿ ಇಲ್ಲದ ಕಂಪ್ಯೂಟರಿನಲ್ಲಿ ಎಕ್ಸೆಲ್ಲಿಗೆ ಈ ಕೋಡು ಕೊಡಬಹುದು:

[>=10000000]##\,##\,##\,##0;[>=100000]##\,##\,##0;##,##0

ಕೋಟಿ ದಾಟಿದರೆ ಮೊದಲ ಭಾಗ, ಲಕ್ಷ ದಾಟಿದರೆ ಎರಡನೆಯದು, ಉಳಿದದ್ದಕ್ಕೆಲ್ಲ ಮೂರನೆಯದು. ಷರತ್ತು ಎರಡಕ್ಕಿಂತ ಹೆಚ್ಚು ಹಾಕಲು ಬರುವುದಿಲ್ಲ. ತೊಡಕು ಇಲ್ಲೇ ಇದೆ. ಮೈನಸ್ ಮೊತ್ತಗಳೆಲ್ಲ ಮೂರನೆಯ ಭಾಗಕ್ಕೆ ಬೀಳುವುದರಿಂದ 12 ಲಕ್ಷದ ನಷ್ಟ -1,234,567 ಎಂದೇ ಕಾಣುತ್ತದೆ. ಜಮಾ ಖರ್ಚು ಎರಡೂ ಇರುವ ಶೀಟಿಗೆ ಈ ಕೋಡು ಬೇಡ, ರೀಜನ್ ಸರಿಪಡಿಸುವುದೇ ಒಳ್ಳೆಯದು.

ಪ್ರಶ್ನೆ: ನಮ್ಮ ಜೀನ್ಸ್ ಹೊಲಿಗೆ ಘಟಕಕ್ಕೆ ಜರ್ಮನಿಯ ಖರೀದಿದಾರರು ಆರ್ಡರ್ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ (ಕಾಲಂಗಳ ನಡುವೆ ಒಂದು ಚಿಹ್ನೆ ಹಾಕಿ ಬರೀ ಅಕ್ಷರರೂಪದಲ್ಲಿ ಉಳಿಸಿದ ಫೈಲು) ಕಳಿಸುತ್ತಾರೆ. ಡಬಲ್ ಕ್ಲಿಕ್ ಮಾಡಿದರೆ ಕಾಲಂಗಳು ಅಡ್ಡಾದಿಡ್ಡಿ ಒಡೆಯುತ್ತವೆ. ಹೇಗೋ ಸರಿಮಾಡಿಕೊಂಡರೆ 2,400 ಪೀಸಿನ ಆರ್ಡರ್ 2.4 ಎಂದು, ಪೀಸಿಗೆ ಬೇಕಾದ ಬಟ್ಟೆ 1,350 ಮೀಟರ್ ಎಂದು ಕಾಣುತ್ತದೆ. ಯಾವುದನ್ನು ನಂಬುವುದು?
— ಬಳ್ಳಾರಿಯ ಓದುಗರು

ಉತ್ತರ: ಪರದೆಯ ಮೇಲೆ ಕಾಣುತ್ತಿರುವ ಯಾವುದನ್ನೂ ನಂಬಬೇಡಿ. ಈ ತಿಂಗಳ ಪತ್ರಗಳಲ್ಲಿ ನಿಜವಾದ ದುಡ್ಡು ಕಳೆಯುವ ತೊಂದರೆ ಇದೊಂದೇ, ಆದ್ದರಿಂದ ವಿವರವಾಗಿ ಹೇಳುತ್ತೇವೆ.

ಜರ್ಮನಿಯಲ್ಲಿ ಚುಕ್ಕಿ ಮತ್ತು ಕಾಮಾದ ಕೆಲಸ ನಮ್ಮದಕ್ಕೆ ಪೂರ್ತಿ ತಿರುಗುಮುರುಗು. ಸಾವಿರಕ್ಕೆ ಚುಕ್ಕಿ, ದಶಾಂಶಕ್ಕೆ ಕಾಮಾ. ಅವರ 2.400 ಎಂದರೆ ಎರಡು ಸಾವಿರದ ನಾನೂರು. ಅವರ 8,75 ಎಂದರೆ ಎಂಟೂ ಮುಕ್ಕಾಲು ಯೂರೊ. ಅವರ 1,350 ಎಂದರೆ ಒಂದು ಮೀಟರ್ ಮೂವತ್ತೈದು ಸೆಂಟಿಮೀಟರ್. ಕಾಮಾ ದಶಾಂಶಕ್ಕೆ ಹೋಗಿರುವುದರಿಂದ ಸಿಎಸ್‌ವಿಯಲ್ಲಿ ಕಾಲಂ ಬೇರ್ಪಡಿಸಲು ಅವರು ಅರ್ಧವಿರಾಮ ಬಳಸುತ್ತಾರೆ. ಹಾಗಾಗಿ ಫೈಲಿನ ಒಂದು ಸಾಲು ಹೀಗಿರುತ್ತದೆ:

514;2.400;8,75;1,350

ನಿಮ್ಮ ವಿಂಡೋಸ್‌ನ ಲಿಸ್ಟ್ ಸೆಪರೇಟರ್ ಕಾಮಾ. ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಕಾಮಾ ಕಂಡಲ್ಲೆಲ್ಲ ಸಾಲನ್ನು ಕತ್ತರಿಸುತ್ತದೆ. ಮೊದಲ ಸೆಲ್ಲಿಗೆ 514;2.400;8 ಬರುತ್ತದೆ, ಎರಡನೆಯದಕ್ಕೆ 75;1, ಮೂರನೆಯದಕ್ಕೆ 350. ದಶಾಂಶದ ಎರಡು ತುಂಡು ಎರಡು ಸೆಲ್ಲಿಗೆ ಹೋದ ಮೇಲೆ ಜೋಡಿಸಲು ಕೂರಬೇಡಿ. ಉಳಿಸದೆ ಮುಚ್ಚಿ.

ಈಗ ಖಾಲಿ ವರ್ಕ್‌ಬುಕ್ ತೆರೆದು ‘ಡೇಟಾ’ ಟ್ಯಾಬಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಫೈಲು ಆರಿಸಿ. ಮುನ್ನೋಟ ಬಂದಾಗ ‘ಡಿಲಿಮಿಟರ್’ ಎದುರು ‘ಸೆಮಿಕೋಲನ್’ ಕೊಡಿ. ಕಾಲಂಗಳು ಸರಿಯಾಗಿ ಕೂರುತ್ತವೆ. ಇಲ್ಲಿ ‘ಲೋಡ್’ ಒತ್ತುವ ಆತುರ ಬೇಡ. ಪ್ರೋಗ್ರಾಂ ಆಗಲೇ ನಿಮ್ಮ ಕಂಪ್ಯೂಟರಿನ ಪದ್ಧತಿಯಲ್ಲಿ ಅಂಕಿಗಳನ್ನು ಓದಿ ಮುಗಿಸಿರುತ್ತದೆ: 2.400 ಅನ್ನು 2.4 ಎಂದು, 1,350 ಅನ್ನು ಸಾವಿರದ ಮುನ್ನೂರೈವತ್ತು ಎಂದು. 8,75 ಕೂಡ 875 ಆಗಬಹುದು. ಅದಕ್ಕೇ ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ. ಬಲಬದಿಯ ‘ಅಪ್ಲೈಡ್ ಸ್ಟೆಪ್ಸ್’ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಎಂಬ ಹೆಜ್ಜೆಯನ್ನು ಎಡಕ್ಕಿರುವ ಅಡ್ಡಗುರುತಿನಿಂದ ಅಳಿಸಿ. ಅಂಕಿಗಳು ಫೈಲಿನಲ್ಲಿದ್ದ ಹಾಗೇ ಅಕ್ಷರರೂಪಕ್ಕೆ ಮರಳುತ್ತವೆ. ಸಂಖ್ಯೆ ಇರುವ ಕಾಲಂಗಳನ್ನು ಕಂಟ್ರೋಲ್ ಹಿಡಿದು ಆರಿಸಿ, ತಲೆಪಟ್ಟಿಯ ಮೇಲೆ ಬಲಕ್ಲಿಕ್ ಮಾಡಿ ‘ಚೇಂಜ್ ಟೈಪ್’, ಅದರ ಕೊನೆಯಲ್ಲಿ ‘ಯೂಸಿಂಗ್ ಲೊಕೇಲ್’ ಒತ್ತಿ. ಟೈಪು ‘ಡೆಸಿಮಲ್ ನಂಬರ್’, ಲೊಕೇಲ್ ‘ಜರ್ಮನ್, ಜರ್ಮನಿ’. ಓಕೆ ಕೊಟ್ಟು ‘ಕ್ಲೋಸ್ ಅಂಡ್ ಲೋಡ್’. ಈಗ ಶೀಟಿನಲ್ಲಿ 2400, 8.75, 1.35 ಬರುತ್ತದೆ.

ಹಳೆಯ ಎಕ್ಸೆಲ್ ಇದ್ದರೆ ಫೈಲಿನ ಹೆಸರಿನ ಕೊನೆಯ ಸಿಎಸ್‌ವಿ ಬದಲಿಸಿ ಟಿಎಕ್ಸ್‌ಟಿ ಮಾಡಿ. ಎಕ್ಸೆಲ್ಲಿನ ಫೈಲ್, ಓಪನ್ ಮೂಲಕವೇ ತೆರೆಯಿರಿ. ಆಗ ಮೂರು ಹಂತದ ವಿಝಾರ್ಡ್ ಬರುತ್ತದೆ. ಮೊದಲ ಹಂತದಲ್ಲಿ ‘ಡಿಲಿಮಿಟೆಡ್’, ಎರಡನೆಯದರಲ್ಲಿ ‘ಸೆಮಿಕೋಲನ್’. ಮೂರನೆಯದರಲ್ಲಿ ‘ಅಡ್ವಾನ್ಸ್ಡ್’ ಗುಂಡಿ ಒತ್ತಿ ದಶಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ ಎಂದು ಹೇಳಿ. ಲಿಬ್ರೆ ಆಫೀಸಿನಲ್ಲಿ ಇನ್ನೂ ಸುಲಭ. ಸಿಎಸ್‌ವಿ ತೆರೆದ ಕೂಡಲೇ ಬರುವ ಕಿಟಕಿಯಲ್ಲಿ ‘ಲ್ಯಾಂಗ್ವೇಜ್’ ಪಟ್ಟಿಯಿಂದ ಜರ್ಮನ್ ಆರಿಸಿ, ‘ಸೆಮಿಕೋಲನ್’ಗೆ ಟಿಕ್ ಹಾಕಿ, ‘ಕಾಮಾ’ದ ಟಿಕ್ ತೆಗೆಯಿರಿ.

ಈಮೇಲಿನಿಂದ ನಕಲು ಮಾಡಿದ ನಾಲ್ಕಾರು ಅಂಕಿಗಳಿಗೆ ಇಷ್ಟೆಲ್ಲ ಬೇಡ. ಅಂಟಿಸುವ ಮೊದಲೇ ಆ ಸೆಲ್ಲುಗಳನ್ನು ‘ಟೆಕ್ಸ್ಟ್’ ಮಾಡಿ. ಅಂಟಿಸಿ, ಪಕ್ಕದ ಕಾಲಂನಲ್ಲಿ =ನಂಬರ್‌ವ್ಯಾಲ್ಯೂ(ಬಿ2,",",".") ಬರೆಯಿರಿ. ಮೊದಲ ಚಿಹ್ನೆ ದಶಾಂಶದ್ದು, ಎರಡನೆಯದು ಸಾವಿರದ್ದು. ಈ ಸೂತ್ರ 2013ರ ಎಕ್ಸೆಲ್ಲಿನಿಂದ ಇದೆ. ಕಂಪ್ಯೂಟರಿನ ರೀಜನ್ ಏನೇ ಇದ್ದರೂ ನೀವು ಹೇಳಿದಂತೆಯೇ ಓದುತ್ತದೆ. ಹಳೆಯ ‘ವ್ಯಾಲ್ಯೂ’ ಸೂತ್ರಕ್ಕೆ ಆ ಗುಣ ಇಲ್ಲ.

ಒಂದು ಎಚ್ಚರ. ಅಂಕಿ ಒಮ್ಮೆ 2.4 ಎಂದು ಸೆಲ್ಲಿನಲ್ಲಿ ಕುಳಿತ ಮೇಲೆ ಯಾವ ಸೂತ್ರವೂ ಅದನ್ನು ಕಾಪಾಡದು. ಅದು 2.400 ಆಗಿತ್ತೋ, ನಿಜಕ್ಕೂ 2,4 ಆಗಿತ್ತೋ ಎಂಬ ಗುರುತೇ ಅಳಿದಿರುತ್ತದೆ. ಇಡೀ ಕಾಲಂ ಅನ್ನು ಸಾವಿರದಿಂದ ಗುಣಿಸುವುದು ಇನ್ನೂ ಕೆಟ್ಟ ದಾರಿ, ಏಕೆಂದರೆ ಅದೇ ಕಾಲಂನ 850 ಪೀಸಿನ ಆರ್ಡರಿಗೆ ಚುಕ್ಕಿಯೇ ಇರಲಿಲ್ಲ, ಅದು ಸರಿಯಾಗಿಯೇ ಬಂದಿತ್ತು. ಮೂಲ ಫೈಲಿಗೇ ಹೋಗಬೇಕು.

ತಾಳೆ ನೋಡಲು ಒಂದು ಗುಣಾಕಾರ ಸಾಕು. 2,400 ಪೀಸು, 8.75 ಯೂರೊ, ಒಟ್ಟು 21,000. ಅವರ ಪಟ್ಟಿಯ ಮೊತ್ತದ ಕಾಲಂನಲ್ಲಿ 21.000,00 ಎಂದು ಇದ್ದರೆ ನೀವು ಸರಿಯಾಗಿ ಓದಿದ್ದೀರಿ. ಬಟ್ಟೆ ಕತ್ತರಿಸುವ ಮೊದಲು ಪ್ರತಿ ಫೈಲಿಗೂ ಇದನ್ನು ಮಾಡಿ. 21.000,00 ನಂಥ ಅಂಕಿ ಕಣ್ಣಿಗೆ ಬಿದ್ದರೆ ಅನುಮಾನವಾದರೂ ಬರುತ್ತದೆ, ಎರಡೂ ಚಿಹ್ನೆ ಅದರಲ್ಲಿವೆ. ಅಪಾಯ ಇರುವುದು ಒಂದೇ ಚಿಹ್ನೆಯ ಹಿಂದೆ ಸರಿಯಾಗಿ ಮೂರು ಅಂಕಿ ಇರುವಲ್ಲಿ. ಅದನ್ನು ಎರಡೂ ದೇಶದವರು ತಮ್ಮ ತಮ್ಮ ರೀತಿಯಲ್ಲಿ ಓದಬಹುದು, ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಶಾಶ್ವತ ಪರಿಹಾರ ಕೇಳಿದರೆ, ಸಿಎಸ್‌ವಿ ಬಿಟ್ಟು ಎಕ್ಸೆಲ್ ಫೈಲನ್ನೇ, ಅಂದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಕಳಿಸಲು ಖರೀದಿದಾರರನ್ನು ಕೇಳಿ. ಅದರೊಳಗೆ ಸಂಖ್ಯೆ ಯಾವ ದೇಶದಲ್ಲಿ ಬರೆದರೂ ಚುಕ್ಕಿಯ ದಶಾಂಶದಲ್ಲೇ ಉಳಿಯುತ್ತದೆ. ತೆರೆದವರ ಪರದೆಯಲ್ಲಿ ಅವರವರ ಪದ್ಧತಿಯಂತೆ ಕಾಣುತ್ತದೆ. ಫ್ರಾನ್ಸಿನವರು ಸಾವಿರಕ್ಕೆ ಖಾಲಿ ಜಾಗ ಬಿಡುತ್ತಾರೆ, ಸ್ವಿಟ್ಜರ್ಲೆಂಡಿನಲ್ಲಿ ಮೇಲುಕೊಂಡಿ ಹಾಕಿ 1’234.50 ಎಂದು ಬರೆಯುತ್ತಾರೆ. ಹೊಸ ಖರೀದಿದಾರರು ಸಿಕ್ಕಾಗ ಯಾವ ದೇಶದ ಪದ್ಧತಿ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಒಂದು ಫೈಲಿಗೋಸ್ಕರ ಇಡೀ ಕಂಪ್ಯೂಟರಿನ ರೀಜನ್ ಅನ್ನು ಜರ್ಮನ್ ಮಾಡುವವರಿದ್ದಾರೆ. ಅದನ್ನು ವಾಪಸ್ ಬದಲಿಸಲು ಮರೆತರೆ ಏನಾಗುತ್ತದೆ ಎನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: =ಇಫ್(ಬಿ2>100,5,0) ಎಂದು ಬರೆದರೆ ಸೂತ್ರದಲ್ಲಿ ದೋಷ ಇದೆ ಎನ್ನುತ್ತದೆ. ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ಅದೇ ಸೂತ್ರ ನಡೆಯುತ್ತದೆ. ಎಕ್ಸೆಲ್ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?
— ಸಂಡೂರಿನ ಓದುಗರು

ಉತ್ತರ: ಬೇಡ. ಲಿಸ್ಟ್ ಸೆಪರೇಟರ್ ಅರ್ಧವಿರಾಮಕ್ಕೆ ಬದಲಾಗಿದೆ. ಸೂತ್ರದಲ್ಲಿ ಒಂದು ಭಾಗದಿಂದ ಇನ್ನೊಂದನ್ನು ಬೇರ್ಪಡಿಸುವ ಚಿಹ್ನೆಯೂ ವಿಂಡೋಸ್‌ನ ಅದೇ ಜಾಗದಿಂದ ಬರುತ್ತದೆ. ಸಿಂಧನೂರಿನವರಿಗೆ ಹೇಳಿದ ಕಿಟಕಿಯಲ್ಲಿ ಅದನ್ನು ಕಾಮಾ ಮಾಡಿ. ಆಗಲೇ ಬರೆದಿಟ್ಟ ಸೂತ್ರಗಳಿಗೆ ಭಯವಿಲ್ಲ. ಎಕ್ಸೆಲ್ ಫೈಲು ಅವನ್ನು ಒಂದೇ ರೂಪದಲ್ಲಿ ಉಳಿಸಿ, ತೆರೆಯುವಾಗ ಆಯಾ ಕಂಪ್ಯೂಟರಿಗೆ ತಕ್ಕಂತೆ ತೋರಿಸುತ್ತದೆ. ಜರ್ಮನ್ ಎಕ್ಸೆಲ್ಲಿನಲ್ಲಿ ‘ಸಮ್’ ಕೂಡ ‘ಸುಮ್ಮೆ’ ಆಗಿ ಕಾಣುತ್ತದೆ.

ಬದಲಾಗದೆ ಉಳಿಯುವುದು ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳು. ‘ಟೆಕ್ಸ್ಟ್’ ಸೂತ್ರದಲ್ಲಿ ದಿನಕ್ಕೆ ಡಿ, ವರ್ಷಕ್ಕೆ ವೈ ಎಂದು ನಾವು ಬರೆದದ್ದನ್ನು ಜರ್ಮನ್ ಎಕ್ಸೆಲ್ ಹಾಗೆ ಓದದು. ಅದಕ್ಕೆ ದಿನಕ್ಕೆ ಟಿ, ವರ್ಷಕ್ಕೆ ಜೆ ಬೇಕು. ಹೊರದೇಶಕ್ಕೆ ಹೋಗುವ ಶೀಟಿನಲ್ಲಿ ದಿನಾಂಕಕ್ಕೆ ‘ಟೆಕ್ಸ್ಟ್’ ಸೂತ್ರದ ಬದಲು ಸೆಲ್ ಫಾರ್ಮ್ಯಾಟನ್ನೇ ಬಳಸಿ.

ಪ್ರಶ್ನೆ: ರೈತರ ಪಟ್ಟಿಯಲ್ಲಿ ಸರ್ವೆ ನಂಬರ್ 12/3 ಎಂದು ಹೊಡೆದರೆ 12-ಮಾರ್ಚ್ ಆಗುತ್ತದೆ. ಅದನ್ನು ಟೆಕ್ಸ್ಟ್ ಮಾಡಿದರೆ 45728 ಎಂಬ ಸಂಬಂಧವೇ ಇಲ್ಲದ ಅಂಕಿ ಬರುತ್ತದೆ. 102/3 ಮಾತ್ರ ಸರಿಯಾಗಿಯೇ ಇರುತ್ತದೆ. ಏಕೆ?
— ಡೇಟಾ ಎಂಟ್ರಿ ಕೆಲಸದವರು, ದೇವದುರ್ಗ

ಉತ್ತರ: ಓರೆಗೆರೆ ಕಂಡರೆ ಎಕ್ಸೆಲ್ ಮೊದಲು ದಿನಾಂಕವೇ ಎಂದು ನೋಡುತ್ತದೆ. 12ನೇ ದಿನ, 3ನೇ ತಿಂಗಳು ಹೊಂದುತ್ತದೆ, ವರ್ಷವನ್ನು ತಾನೇ ಸೇರಿಸುತ್ತದೆ. 102ನೇ ದಿನವೂ ಇಲ್ಲ, ತಿಂಗಳೂ ಇಲ್ಲ, ಹಾಗಾಗಿ ಅದು ಅಕ್ಷರವಾಗಿ ಉಳಿಯುತ್ತದೆ. 45728 ಎಂದರೆ 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಕ್ಸೆಲ್ ಮಾಡುವ ದಿನಗಳ ಎಣಿಕೆ. 12 ಮಾರ್ಚ್ 2025ಕ್ಕೆ ಆ ಅಂಕಿ. ಇದೇ 12/3 ಅನ್ನು ಅಮೆರಿಕದ ರೀಜನ್ ಇರುವ ಕಂಪ್ಯೂಟರಿನಲ್ಲಿ ಹೊಡೆದರೆ ಡಿಸೆಂಬರ್ 3 ಆಗುತ್ತದೆ, ಎಣಿಕೆ 45994. ಇಬ್ಬರು ಎರಡು ಕಂಪ್ಯೂಟರಿನಲ್ಲಿ ಹೊಡೆದು ಒಂದೇ ಪಟ್ಟಿಗೆ ಸೇರಿಸಿದ್ದರೆ ಯಾರದು ಯಾವುದೆಂದು ಬಿಡಿಸುವುದು ಕಷ್ಟ.

ಟೈಪ್ ಮಾಡುವ ಮೊದಲೇ ಕಾಲಂ ಆರಿಸಿ ಕಂಟ್ರೋಲ್ ಮತ್ತು 1 ಒತ್ತಿ ‘ಟೆಕ್ಸ್ಟ್’ ಕೊಡಿ. ಒಂದೆರಡು ಸೆಲ್ಲಿಗಾದರೆ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ '12/3 ಎಂದು ಹೊಡೆದರೂ ಸಾಕು, ಆ ಚಿಹ್ನೆ ಮುದ್ರಣದಲ್ಲಿ ಬರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ದಾರಿ ಸರ್ವೆ ನಂಬರಿಗೆ ಒಂದು ಕಾಲಂ, ಹಿಸ್ಸಾಗೆ ಇನ್ನೊಂದು ಕಾಲಂ ಇಡುವುದು. ಪಹಣಿಯೊಂದಿಗೆ ತಾಳೆ ನೋಡುವಾಗಲೂ, ಸರ್ವೆ ನಂಬರಿನ ಕ್ರಮಕ್ಕೆ ಜೋಡಿಸುವಾಗಲೂ ಅದು ಅನುಕೂಲ.

ಈಗಾಗಲೇ ಕೆಟ್ಟಿರುವುದನ್ನು ಹೀಗೆ ವಾಪಸ್ ಪಡೆಯಬಹುದು. ಹೊಸ ಕಾಲಂನಲ್ಲಿ =ಇಫ್(ಈಸ್‌ನಂಬರ್(ಎ2),ಡೇ(ಎ2)&"/"&ಮಂತ್(ಎ2),ಎ2) ಬರೆದು ಕೆಳಗೆ ಎಳೆಯಿರಿ. ದಿನಾಂಕವಾದದ್ದು 12/3 ಆಗುತ್ತದೆ, 102/3 ಹಾಗೇ ಬರುತ್ತದೆ. ಬಂದದ್ದನ್ನು ನಕಲು ಮಾಡಿ ‘ಪೇಸ್ಟ್ ಸ್ಪೆಷಲ್, ವ್ಯಾಲ್ಯೂಸ್’ ಕೊಡಿ. ಇದು ಭಾರತದ ಪದ್ಧತಿಯಲ್ಲಿ ಹೊಡೆದದ್ದಕ್ಕೆ. ಅಮೆರಿಕದ ಪದ್ಧತಿಯ ಕಂಪ್ಯೂಟರಿನಲ್ಲಿ ಹೊಡೆದಿದ್ದರೆ ಡೇ ಮತ್ತು ಮಂತ್ ಜಾಗ ಅದಲುಬದಲು ಮಾಡಿ. ಆದರೆ 5/45 ರಂಥ ನಂಬರನ್ನು ಎಕ್ಸೆಲ್ ಮೇ ತಿಂಗಳು, 45ನೇ ಇಸವಿ ಎಂದು ಹಿಡಿದಿರುತ್ತದೆ. ಸೂತ್ರ ಅದಕ್ಕೆ 1/5 ಎಂಬ ತಪ್ಪು ಉತ್ತರ ಕೊಡುತ್ತದೆ. ಹಿಸ್ಸಾ ನಂಬರ್ 12 ದಾಟಿದವನ್ನು ಪಹಣಿ ನೋಡಿಯೇ ತಿದ್ದಬೇಕು.

ಇನ್ನೊಂದು ಮಾತು. ಸರಿಪಡಿಸಿದ ಪಟ್ಟಿಯನ್ನು ಸಿಎಸ್‌ವಿ ಆಗಿ ಉಳಿಸಿ, ಮಾರನೆಯ ದಿನ ಡಬಲ್ ಕ್ಲಿಕ್ ಮಾಡಿದರೆ ಎಲ್ಲವೂ ಮತ್ತೆ ದಿನಾಂಕ. ಸಿಎಸ್‌ವಿಯಲ್ಲಿ ‘ಇದು ಟೆಕ್ಸ್ಟ್’ ಎಂಬ ಗುರುತು ಉಳಿಯುವುದಿಲ್ಲ. ಇದು ನಿಮ್ಮೊಬ್ಬರ ತೊಂದರೆಯಲ್ಲ. ಮಾರ್ಚ್1 ಎಂಬಂಥ ಹೆಸರಿನ ಜೀನುಗಳು ವಿಜ್ಞಾನಿಗಳ ಶೀಟುಗಳಲ್ಲಿ ದಿನಾಂಕವಾಗಿ ಬದಲಾಗುತ್ತಿದ್ದುದರಿಂದ, ಮಾನವ ಜೀನುಗಳ ಹೆಸರು ನಿರ್ಧರಿಸುವ ಸಮಿತಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಂಥ ಜೀನುಗಳ ಹೆಸರನ್ನೇ ಬದಲಿಸಿತು.

ಪ್ರಶ್ನೆ: ನಮ್ಮ ಸಹಕಾರ ಸಂಘದ ವರದಿಯಲ್ಲಿ ಅಂಕಿಗಳೂ ಕನ್ನಡದಲ್ಲೇ ಇರಲಿ ಎಂದು ಸದಸ್ಯರ ಆಸೆ. ೧೨೫೦ ಎಂದು ಟೈಪ್ ಮಾಡಿದರೆ ಮೊತ್ತ ಕೂಡುತ್ತಿಲ್ಲ.
— ಕಾರ್ಯದರ್ಶಿ, ಕೊಪ್ಪಳ ತಾಲ್ಲೂಕು

ಉತ್ತರ: ಒಳ್ಳೆಯ ಆಸೆ, ಈಡೇರಿಸಬಹುದು. ಆದರೆ ಟೈಪ್ ಮಾಡುವಾಗ 1250 ಎಂದೇ ಹೊಡೆಯಿರಿ. ಕಾಣುವಾಗ ಮಾತ್ರ ಕನ್ನಡವಾಗಲಿ.

ಎಕ್ಸೆಲ್ಲಿನಲ್ಲಿ ಸೆಲ್ಲುಗಳನ್ನು ಆರಿಸಿ ಕಂಟ್ರೋಲ್ ಮತ್ತು 1 ಒತ್ತಿ, ‘ಕಸ್ಟಮ್’ಗೆ ಹೋಗಿ. ‘ಟೈಪ್’ ಪೆಟ್ಟಿಗೆಯಲ್ಲಿ ಕ್ರಮವಾಗಿ ಇವನ್ನು ಬಿಡುವಿಲ್ಲದೆ ಹೊಡೆಯಿರಿ: ತೆರೆಯುವ ಚೌಕ ಕಂಸ, ಡಾಲರ್ ಚಿಹ್ನೆ, ಅಡ್ಡಗೆರೆ, ಇಂಗ್ಲಿಷಿನ ದೊಡ್ಡ ಬಿ ಅಕ್ಷರ, ಆರು ಸೊನ್ನೆ, ಮುಚ್ಚುವ ಚೌಕ ಕಂಸ, ಅದಕ್ಕೆ ತಾಗಿ #,##0. ಸೆಲ್ಲಿನಲ್ಲಿ ೧,೨೫೦ ಕಾಣುತ್ತದೆ, ಒಳಗೆ 1250 ಇರುತ್ತದೆ, ಮೊತ್ತ, ಬಡ್ಡಿ ಎಲ್ಲ ಎಂದಿನಂತೆ ನಡೆಯುತ್ತದೆ. ಆ ಬಿ ಅಕ್ಷರ ಕನ್ನಡ ಅಂಕಿಯ ಗುರುತು. ಅದರ ಜಾಗದಲ್ಲಿ ಎ ಹಾಕಿದರೆ ತೆಲುಗು ಅಂಕಿ, 4 ಹಾಕಿದರೆ ದೇವನಾಗರಿ. ಲಿಬ್ರೆ ಆಫೀಸಿನಲ್ಲಿ ‘ಫಾರ್ಮ್ಯಾಟ್ ಸೆಲ್ಸ್’ ಕಿಟಕಿಯ ‘ನಂಬರ್ಸ್’ ಪುಟದಲ್ಲಿ ಭಾಷೆ ಕನ್ನಡ ಮಾಡಿ, ಕೋಡಿನ ಮುಂದೆ ಚೌಕ ಕಂಸದೊಳಗೆ ‘ನ್ಯಾಟ್‌ನಮ್1’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ.

ಈಗಾಗಲೇ ಕನ್ನಡದಲ್ಲಿ ಹೊಡೆದಿರುವುದಕ್ಕೆ ಕಂಟ್ರೋಲ್ ಮತ್ತು ಎಚ್ ಒತ್ತಿ ೦ ಇದ್ದಲ್ಲಿ 0, ೧ ಇದ್ದಲ್ಲಿ 1, ಹೀಗೆ ಹತ್ತು ಸಲ ‘ರಿಪ್ಲೇಸ್ ಆಲ್’ ಕೊಡಿ. ಸೆಲ್ಲುಗಳ ಫಾರ್ಮ್ಯಾಟ್ ‘ಜನರಲ್’ ಇದ್ದರೆ ಅವು ಸಂಖ್ಯೆಗಳಾಗುತ್ತವೆ. ಆದ ಮೇಲೂ ಕೆಲವು ಸೆಲ್ಲು ಕೂಡದೆ ಉಳಿದರೆ ಸೊನ್ನೆಯನ್ನೇ ಅನುಮಾನಿಸಿ. ಕನ್ನಡ ಸೊನ್ನೆಯ ಬದಲು ಅನುಸ್ವಾರ ಹೊಡೆಯುವುದು ತುಂಬಾ ಸಾಮಾನ್ಯ, ಕಣ್ಣಿಗೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಸೊನ್ನೆ 3302ನೇ ಅಕ್ಷರ, ಅನುಸ್ವಾರ 3202ನೇ ಅಕ್ಷರ. =ಯುನಿಕೋಡ್(ರೈಟ್(ಎ2,1)) ಎಂದು ಬರೆದರೆ ಕೊನೆಯ ಅಕ್ಷರ ಯಾವುದೆಂದು ಹೇಳುತ್ತದೆ. 3202 ಬಂದರೆ ಅನುಸ್ವಾರವನ್ನೂ 0ಗೆ ಬದಲಿಸಿ. ಆದರೆ ಅಂಕಿಯ ಕಾಲಂ ಮಾತ್ರ ಆರಿಸಿಕೊಂಡು ಮಾಡಿ, ಇಲ್ಲದಿದ್ದರೆ ‘ಸಂಘ’ದ ಹೆಸರಿನಲ್ಲೂ ಸೊನ್ನೆ ಕೂರುತ್ತದೆ.

ಈ ಶೀಟನ್ನು ಸಿಎಸ್‌ವಿ ಆಗಿ ಉಳಿಸಿದರೆ ಎಕ್ಸೆಲ್ ಕಾಣುತ್ತಿರುವ ರೂಪವನ್ನೇ ಬರೆಯುತ್ತದೆ, ಫೈಲಿಗೆ ಕನ್ನಡ ಅಂಕಿಗಳೇ ಹೋಗುತ್ತವೆ. ಬ್ಯಾಂಕಿಗೋ ಇಲಾಖೆಯ ಪೋರ್ಟಲ್ಲಿಗೋ ಕೊಡುವ ಮೊದಲು ಫಾರ್ಮ್ಯಾಟ್ ಅನ್ನು ‘ಜನರಲ್’ ಮಾಡಿ. ರೈತರ ಹೆಸರು ಕನ್ನಡದಲ್ಲಿದ್ದರೆ ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ.

ಪ್ರಶ್ನೆ: ತೆರಿಗೆ ನೋಟಿಸುಗಳನ್ನು ವರ್ಡ್‌ನ ಮೇಲ್ ಮರ್ಜ್‌ನಲ್ಲಿ ತೆಗೆಯುತ್ತೇವೆ. ಎಕ್ಸೆಲ್ಲಿನಲ್ಲಿ 1,23,456.70 ಎಂದಿರುವುದು ನೋಟಿಸಿನಲ್ಲಿ 123456.7 ಎಂದು ಬರುತ್ತದೆ. ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ.
— ಕುಷ್ಟಗಿಯ ಓದುಗರು

ಉತ್ತರ: ವರ್ಡ್ ತೆಗೆದುಕೊಳ್ಳುವುದು ಒಳಗಿನ ಸಂಖ್ಯೆಯನ್ನು, ಅದರ ಫಾರ್ಮ್ಯಾಟ್ ಅನ್ನಲ್ಲ. ಕೆಲವು ಸಲ 1234.5599999999999 ರಂಥ ಬಾಲವೂ ಕಾಣುತ್ತದೆ. ಎಕ್ಸೆಲ್ಲಿನಲ್ಲೇ ಒಂದು ಹೆಚ್ಚುವರಿ ಕಾಲಂ ಮಾಡಿ ಹೀಗೆ ಬರೆಯಿರಿ:

=ಟೆಕ್ಸ್ಟ್(ಸಿ2,"[>=100000]##\,##\,##0.00;##,##0.00")

ದಿನಾಂಕಕ್ಕೆ =ಟೆಕ್ಸ್ಟ್(ಡಿ2,"ಡಿಡಿ-ಎಂಎಂ-ವೈವೈವೈವೈ"). ಫೈಲು ಉಳಿಸಿ, ಮರ್ಜ್‌ನಲ್ಲಿ ಈ ಹೊಸ ಕಾಲಂಗಳನ್ನೇ ಆರಿಸಿ. ಇವು ಅಕ್ಷರರೂಪ, ಆದ್ದರಿಂದ ವರ್ಡ್ ಮುಟ್ಟುವುದಿಲ್ಲ. ಮೊತ್ತ ಕೂಡುವುದು ಮಾತ್ರ ಹಳೆಯ ಕಾಲಂನಿಂದಲೇ ಆಗಬೇಕು.

ಪ್ರಶ್ನೆ: ವೆಬ್‌ಸೈಟಿನಿಂದ ತೊಗರಿ, ಹತ್ತಿಯ ದರಪಟ್ಟಿ ನಕಲು ಮಾಡಿದರೆ ಸರಾಸರಿ ಬರುವುದಿಲ್ಲ. ನಮ್ಮ ಹುಡುಗರು ಹೊಡೆದ ಪಟ್ಟಿಯಲ್ಲೂ ಕೆಲವು ಮೊತ್ತ ಕೂಡುವುದಿಲ್ಲ.
— ಅಡತಿ ಅಂಗಡಿಯವರು, ರಾಯಚೂರು

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲು ಕಾಲಂ ಆರಿಸಿ ಕಿಟಕಿಯ ಕೆಳಪಟ್ಟಿ ನೋಡಿ. ‘ಕೌಂಟ್’ ಮಾತ್ರ ಇದ್ದು ‘ಸಮ್’ ಇಲ್ಲದಿದ್ದರೆ ಅವು ಯಾವುವೂ ಸಂಖ್ಯೆಗಳಲ್ಲ. ‘ಸಮ್’ ಇದ್ದೂ ಮೊತ್ತ ಕಡಿಮೆ ಎನಿಸಿದರೆ ನಡುನಡುವೆ ಕೆಲವು ಅಕ್ಷರರೂಪದವು ಸೇರಿವೆ. ಎಡಕ್ಕೆ ಅಂಟಿ ನಿಂತವೇ ಅವು.

ವೆಬ್ ಪುಟದ ಅಂಕಿಗಳ ಹಿಂದೆ ಮುಂದೆ ಒಂದು ಬಗೆಯ ಖಾಲಿ ಜಾಗ ಬರುತ್ತದೆ. ಸಾಲು ಮುರಿಯದಂತೆ ಹಾಕುವ ಅಕ್ಷರ ಅದು, ಸಂಖ್ಯೆ 160. ‘ಟ್ರಿಮ್’ ಸೂತ್ರಕ್ಕೆ ಅದು ಸಿಗುವುದಿಲ್ಲ, ಅದು ತೆಗೆಯುವುದು ಮಾಮೂಲಿ ಸ್ಪೇಸನ್ನು ಮಾತ್ರ. ಕಂಟ್ರೋಲ್ ಮತ್ತು ಎಚ್ ಒತ್ತಿ, ಮೇಲಿನ ಪೆಟ್ಟಿಗೆಯಲ್ಲಿ ಆಲ್ಟ್ ಹಿಡಿದು ಬಲಬದಿಯ ಅಂಕಿ ಕೀಲಿಗಳಲ್ಲಿ 0160 ಹೊಡೆಯಿರಿ. ಕೆಳಗಿನ ಪೆಟ್ಟಿಗೆ ಖಾಲಿ ಬಿಟ್ಟು ‘ರಿಪ್ಲೇಸ್ ಆಲ್’ ಕೊಡಿ. ಆ ಕೀಲಿಗಳಿಲ್ಲದ ಲ್ಯಾಪ್‌ಟಾಪಿನಲ್ಲಿ =ನಂಬರ್‌ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಎ2,ಕ್ಯಾರ್(160),""),".",",") ಬಳಸಿ.

ನಿಮ್ಮ ಹುಡುಗರ ಪಟ್ಟಿಯಲ್ಲಿ 7,200/- ಎಂದು ಹೊಡೆದಿದ್ದಾರೆಯೇ ನೋಡಿ. ಚೀಟಿಯ ಮೇಲೆ ಹಾಗೆ ಬರೆಯುವುದು ಸರಿ, ಮುಂದೆ ಅಂಕಿ ಸೇರಿಸದಂತೆ ತಡೆಯುತ್ತದೆ. ಆದರೆ ಸೆಲ್ಲಿನಲ್ಲಿ ಹೊಡೆದರೆ ಅದು ಅಕ್ಷರವಾಗುತ್ತದೆ, ‘ರೂ.’ ಹೊಡೆದರೂ ಅಷ್ಟೇ. ₹ ಚಿಹ್ನೆಯನ್ನು ಭಾರತದ ರೀಜನ್ ಇರುವ ಕಂಪ್ಯೂಟರ್ ಒಪ್ಪುತ್ತದೆ, ಅಮೆರಿಕದ್ದಾದರೆ ಅದೂ ಅಕ್ಷರ. ಬರೀ 7200 ಹೊಡೆಯಲು ಹೇಳಿ, ಕಸ್ಟಮ್ ಫಾರ್ಮ್ಯಾಟ್ "ರೂ. "#,##0"/-" ಕೊಡಿ. ಕಾಣುವುದು ರೂ. 7,200/- ಎಂದೇ, ಕೂಡುವುದೂ ಸರಿಯಾಗಿ. ಈಗಿರುವ ಪಟ್ಟಿಯಿಂದ /- ಮತ್ತು ರೂ. ಎರಡನ್ನೂ ಮೇಲೆ ಹೇಳಿದಂತೆ ‘ರಿಪ್ಲೇಸ್ ಆಲ್’ನಲ್ಲಿ ಖಾಲಿಯಿಂದ ಬದಲಿಸಿ.

ಪ್ರಶ್ನೆ: ಆಧಾರ್ ಸಂಖ್ಯೆ 1.23457ಇ+11 ಎಂಬ ರೂಪದಲ್ಲಿ ಕಾಣುತ್ತದೆ. ಬ್ಯಾಂಕ್ ಖಾತೆಯ ಮುಂದಿನ ಸೊನ್ನೆಗಳು ಮಾಯವಾಗುತ್ತವೆ.
— ಗಂಗಾವತಿಯ ಓದುಗರು

ಉತ್ತರ: ಕೂಡುವ ಕಳೆಯುವ ಉದ್ದೇಶ ಇಲ್ಲದ ಅಂಕಿಗಳನ್ನು, ಅಂದರೆ ಆಧಾರ್, ಖಾತೆ, ಫೋನ್ ಎಲ್ಲವನ್ನೂ ಟೈಪ್ ಮಾಡುವ ಮೊದಲೇ ‘ಟೆಕ್ಸ್ಟ್’ ಕಾಲಂನಲ್ಲಿ ಇಡಿ. ಆಧಾರ್ 12 ಅಂಕಿ, ಅದು ಹಾಳಾಗಿಲ್ಲ, ಫಾರ್ಮ್ಯಾಟ್ 0 ಎಂದು ಕೊಟ್ಟರೆ ಪೂರ್ತಿ ಕಾಣುತ್ತದೆ. ಹೋದ ಸೊನ್ನೆಗಳನ್ನು ಖಾತೆಯ ಉದ್ದ ಗೊತ್ತಿದ್ದರೆ ಮರಳಿಸಬಹುದು. 11 ಅಂಕಿಯ ಖಾತೆಗೆ =ಟೆಕ್ಸ್ಟ್(ಎ2,"00000000000"). ಆದರೆ 16 ಅಂಕಿಯ ಖಾತೆಯನ್ನು ಸಂಖ್ಯೆಯಾಗಿ ಹೊಡೆದಿದ್ದರೆ ಕೊನೆಯ ಅಂಕಿ 0 ಆಗಿರುತ್ತದೆ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನಿಖರ. ಅದನ್ನು ಪಾಸ್‌ಬುಕ್ ನೋಡಿಯೇ ಮತ್ತೆ ಹೊಡೆಯಬೇಕು. ಹೊಸ ಎಕ್ಸೆಲ್ ಇದ್ದರೆ ಫೈಲ್, ಆಪ್ಷನ್ಸ್, ‘ಡೇಟಾ’ದಲ್ಲಿ ‘ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್’ ಎಂಬ ಭಾಗ ಇರುತ್ತದೆ. ಅಲ್ಲಿ ಮುಂದಿನ ಸೊನ್ನೆ ತೆಗೆಯುವುದು ಮತ್ತು 15 ಅಂಕಿಗೆ ಕತ್ತರಿಸುವುದು ಎರಡರ ಟಿಕ್ಕನ್ನೂ ತೆಗೆದುಬಿಡಿ. ದೇವದುರ್ಗದವರ 12/3 ಗೆ ಮಾತ್ರ ಈ ಆಯ್ಕೆ ನೆರವಾಗದು.